ಅರವತ್ತು ಕಾರ್ಡ್‌ಗಳ ಡೆಕ್ ಕಟ್ಟುವ ಕ್ರಮ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೀರಿ

ದಾವಣಗೆರೆಯ ವಿದ್ಯಾನಗರದ ಬಾಡಿಗೆ ಕೋಣೆಗಳಲ್ಲಾಗಲಿ, ಚಿತ್ರದುರ್ಗದ ಹಾಸ್ಟೆಲ್‌ಗಳಲ್ಲಾಗಲಿ, ಮ್ಯಾಜಿಕ್, ಪೊಕೆಮಾನ್, ಯು-ಗಿ-ಓ ಥರದ ಕಾರ್ಡ್ ಆಟಕ್ಕೆ ಹೊಸದಾಗಿ ಕೂತವರ ಡೆಕ್ (ಆಡಲು ತಾವೇ ಆರಿಸಿ ಜೋಡಿಸಿಕೊಂಡ ಕಾರ್ಡ್‌ಗಳ ಕಟ್ಟು) ಬಿಚ್ಚಿ ನೋಡಿದರೆ ಕಾಣುವುದು ಹೆಚ್ಚುಕಡಿಮೆ ಒಂದೇ ಬಗೆ. ಎಪ್ಪತ್ತೈದೋ ಎಂಬತ್ತೋ ಕಾರ್ಡ್‌ಗಳಿರುತ್ತವೆ. ಬಹುಪಾಲು ಒಂದೊಂದೇ ಪ್ರತಿ. ಮೂರು ನಾಲ್ಕು ಬಣ್ಣಗಳು ಬೆರೆತಿರುತ್ತವೆ. ಹೊಳೆಯುವ, ದುಬಾರಿ ಖರ್ಚಿನ ದೈತ್ಯರು ಡಜನ್‌ಗಟ್ಟಲೆ ಇದ್ದರೂ ಅವರನ್ನು ಕಣಕ್ಕಿಳಿಸಲು ಇಲ್ಲವೇ ದಾಳಿ ಮಾಡಿಸಲು ಶಕ್ತಿ ಕೊಡುವ ಲ್ಯಾಂಡ್ ಅಥವಾ ಎನರ್ಜಿ ಕಾರ್ಡ್ ಮಾತ್ರ ಸಾಲದೆ ಹೋಗಿರುತ್ತದೆ. ಸೋತ ಮೇಲೆ ಬರುವ ಮಾತೂ ಒಂದೇ: "ಕೈಗೆ ಒಳ್ಳೆ ಎಲೆ ಬೀಳಲಿಲ್ಲ."

ಎಲೆ ಬೀಳದಿರುವುದಕ್ಕೆ ಕಾರಣ ಬಹುಮಟ್ಟಿಗೆ ಡೆಕ್ ಕಟ್ಟಿದ ಕ್ರಮದಲ್ಲೇ ಇರುತ್ತದೆ. ಇಷ್ಟವಾದ ಕಾರ್ಡ್‌ಗಳನ್ನು ಮೊದಲು ಗುಡ್ಡೆ ಹಾಕಿ, ಗೆಲ್ಲುವುದು ಹೇಗೆಂಬುದನ್ನು ಆಮೇಲೆ ಯೋಚಿಸುವವರು ಎಷ್ಟು ದುಡ್ಡು ಸುರಿದರೂ ಅಲ್ಲಿಗೇ ಬಂದು ನಿಲ್ಲುತ್ತಾರೆ. ಆದ್ದರಿಂದ ಇಲ್ಲಿ ಗೆಲ್ಲುವ ದಾರಿಯನ್ನು ಮೊದಲಿಗೂ ಇಷ್ಟದ ಕಾರ್ಡ್‌ಗಳನ್ನು ಕೊನೆಗೂ ಇಟ್ಟು ಹಂತಗಳನ್ನು ಜೋಡಿಸಿದೆ. ಉದಾಹರಣೆಗಾಗಿ ಮ್ಯಾಜಿಕ್: ದ ಗ್ಯಾದರಿಂಗ್ ಆಟದ ಒಂದು ಡೆಕ್ಕನ್ನು ಬುಡದಿಂದ ಕಟ್ಟಿ ತೋರಿಸಲಾಗಿದ್ದು, ಪೊಕೆಮಾನ್ ಮತ್ತು ಯು-ಗಿ-ಓ ಎಲ್ಲಿ ಬೇರೆ ದಾರಿ ಹಿಡಿಯುತ್ತವೆಯೋ ಅಲ್ಲಲ್ಲಿ ಅದನ್ನು ಹೇಳಲಾಗಿದೆ. ಆಟದ ಮೂಲ ನಿಯಮಗಳು ನಿಮಗೆ ತಿಳಿದಿವೆ ಎಂದು ಭಾವಿಸಿಯೇ ಮುಂದಿನದನ್ನು ಬರೆದಿದೆ.

## ಕೂರುವ ಮೊದಲು ಬೇಕಾದ ಸಾಮಾನು

ಒಂದು ರೂಲ್ಡ್ ನೋಟ್‌ಬುಕ್, ಪೆನ್ಸಿಲ್, ಆರು ಮುಖದ ಎಂಟು ಹತ್ತು ದಾಳಗಳು, ಕಾರ್ಡ್ ಸ್ಲೀವ್‌ಗಳು (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಹೊದಿಕೆ) ಮತ್ತು ಗಟ್ಟಿಯಾದ ಒಂದು ಡೆಕ್ ಬಾಕ್ಸ್ ಇದ್ದರೆ ಸಾಕು. ಇಪ್ಪತ್ತು ಮುಖದ ದಾಳ ಚೆಂದವೇ ಹೊರತು ಅಗತ್ಯವಲ್ಲ. ಜೀವದ (ಸೊನ್ನೆಗಿಳಿದರೆ ಆಟಗಾರ ಸೋಲುವ ಅಂಕದ) ಲೆಕ್ಕವನ್ನು ಕಾಗದದ ಮೇಲೆ ಬರೆದರೆ ತಕರಾರಿಗೆ ಆಸ್ಪದವೂ ಕಡಿಮೆ.

ಸ್ಲೀವ್ ಕೊಳ್ಳುವಾಗ ಅಳತೆ ತಪ್ಪುವವರು ಬಹಳ. ಮ್ಯಾಜಿಕ್ ಮತ್ತು ಪೊಕೆಮಾನ್ ಕಾರ್ಡ್‌ಗಳು 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರದವು; ಯು-ಗಿ-ಓ ಕಾರ್ಡ್ 59 ಮತ್ತು 86 ಮಿ.ಮೀ. ಇರುತ್ತದೆ. ದೊಡ್ಡ ಸ್ಲೀವಿನಲ್ಲಿ ಚಿಕ್ಕ ಕಾರ್ಡ್ ಹಾಕಿದರೆ ಕಲೆಸುವಾಗ ಒಳಗೇ ಜಾರಿ ಮೂಲೆ ಮಡಚುತ್ತದೆ. ಒಂದು ಡೆಕ್ಕಿನ ಎಲ್ಲ ಸ್ಲೀವ್‌ಗಳೂ ಒಂದೇ ಪ್ಯಾಕಿನವಾಗಿರಲಿ, ಹಿಂಬದಿ ಅಪಾರದರ್ಶಕವಾಗಿರಲಿ ಮತ್ತು ಹರಿದರೆ ಬದಲಿಸಲು ಐದಾರು ಹೆಚ್ಚಿಗೆ ಇರಲಿ.

ಕೂರುವ ಜಾಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಉದ್ಯಾನದ ಕಟ್ಟೆಯ ಮೇಲೆ ಕೂತು ಕಾರ್ಡ್ ಹಂಚಿದರೆ ದೂರದಿಂದ ನೋಡಿದ ಹಿರಿಯರಿಗೆ ಅದು ಅಂದರ್-ಬಾಹರ್ ಎನಿಸುವುದು ಸಹಜ, ಅವರನ್ನು ದೂರಿ ಫಲವಿಲ್ಲ. ಮನೆಯ ಜಮಖಾನವೋ ಕಾಲೇಜಿನ ಖಾಲಿ ಕೋಣೆಯೋ ವಾಸಿ. ಮೇಜಿನ ಮೇಲೆ ದುಡ್ಡು ಕಾಣಿಸಬಾರದು. ಮಂಡಕ್ಕಿ-ಮೆಣಸಿನಕಾಯಿ ಕೂಡ ಕಾಣಿಸಬಾರದು. ಮಿರ್ಚಿ ಮುಟ್ಟಿದ ಹೆಬ್ಬೆರಳು ಸ್ಲೀವಿನ ಹಿಂಬದಿಯಲ್ಲಿ ಬಿಡುವ ಅರೆಚಂದ್ರಾಕಾರದ ಎಣ್ಣೆ ಗುರುತು ಬಟ್ಟೆಯಿಂದ ಒರೆಸಿದರೂ ಓರೆ ಬೆಳಕಿನಲ್ಲಿ ಕಾಣುತ್ತದೆ, ಆಮೇಲೆ ಆ ಕಾರ್ಡ್ ಯಾವುದೆಂದು ಡೆಕ್ಕಿನ ಮೇಲಿರುವಾಗಲೇ ಗೊತ್ತಾಗುತ್ತದೆ. ತಿಂಡಿ ಆಟಕ್ಕೆ ಮೊದಲು ಇಲ್ಲವೇ ಆಟದ ನಂತರ.

## ಹಂತ 1: ಆಟ ಮತ್ತು ಅದರ ಲೆಕ್ಕವನ್ನು ಬರೆದುಕೊಳ್ಳಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನೀವು ಆಡುವ ಆಟದ ಅಂಕಿಗಳನ್ನು ಬರೆಯಿರಿ. ಮ್ಯಾಜಿಕ್‌ನ ಸಾಮಾನ್ಯ ಪಂದ್ಯಕ್ಕೆ ಕನಿಷ್ಠ 60 ಕಾರ್ಡ್ ಬೇಕು, ಬೇಸಿಕ್ ಲ್ಯಾಂಡ್ ಬಿಟ್ಟು ಒಂದು ಹೆಸರಿನ ಕಾರ್ಡ್ 4ಕ್ಕಿಂತ ಹೆಚ್ಚು ಇರಕೂಡದು, ಜೀವ 20. ಪೊಕೆಮಾನ್‌ನಲ್ಲಿ ಸರಿಯಾಗಿ 60, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ. ಬೇಸಿಕ್ ಎನರ್ಜಿ ಬಿಟ್ಟು ಒಂದೇ ಹೆಸರಿನವು 4ರ ವರೆಗೆ. ಯು-ಗಿ-ಓದ ಮುಖ್ಯ ಡೆಕ್ 40ರಿಂದ 60, ಒಂದು ಹೆಸರಿನವು ಹೆಚ್ಚೆಂದರೆ 3, ಜೀವ 8000. ಮ್ಯಾಜಿಕ್‌ನಲ್ಲೇ ಕಮಾಂಡರ್ ಎಂಬ ಬಗೆಯಲ್ಲಿ 100 ಕಾರ್ಡ್, ಬೇಸಿಕ್ ಲ್ಯಾಂಡ್ ಬಿಟ್ಟರೆ ಪ್ರತಿಯೊಂದೂ ಒಂದೇ ಪ್ರತಿ, ಜೀವ 40. ಹಾಗಾಗಿ ಈ ಮಾರ್ಗದರ್ಶಿಯ ಪ್ರತಿಗಳ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಮೊಬೈಲಿನಲ್ಲಿ ಪೊಕೆಮಾನ್ ಟಿಸಿಜಿ ಪಾಕೆಟ್ ಆಡಿ ಬಂದವರು ಇಲ್ಲಿ ವಿಶೇಷವಾಗಿ ಎಡವುತ್ತಾರೆ. ಆ ಆಟದ ಡೆಕ್ 20 ಕಾರ್ಡ್‌ಗಳದು, ಒಂದು ಹೆಸರಿನವು ಎರಡೇ. ಅಲ್ಲಿ ರೂಢಿಯಾದ ಅಂದಾಜುಗಳು ಮೇಜಿನ ಮೇಲಿನ 60 ಕಾರ್ಡ್‌ಗಳ ಆಟಕ್ಕೆ ನಡೆಯುವುದಿಲ್ಲ. ಪಂದ್ಯಕ್ಕೆ ಹೋಗುವ ಆಲೋಚನೆಯಿದ್ದರೆ ಪೊಕೆಮಾನ್ ಕಾರ್ಡಿನ ಕೆಳ ಅಂಚಿನಲ್ಲಿರುವ, ಕಾರ್ಡ್ ಪಂದ್ಯಕ್ಕೆ ನಡೆಯುತ್ತದೆಯೇ ಎಂದು ತಿಳಿಸುವ ರೆಗ್ಯುಲೇಷನ್ ಅಕ್ಷರವನ್ನೂ, ಯು-ಗಿ-ಓ ಆಡುವವರು ನಿಷೇಧಿತ ಕಾರ್ಡ್‌ಗಳ ಪಟ್ಟಿಯನ್ನೂ ಈಗಲೇ ನೋಡಿಕೊಳ್ಳಬೇಕು. ಕಟ್ಟಿ ಮುಗಿಸಿದ ಮೇಲೆ ನೋಡಿದರೆ ಅರ್ಧ ಡೆಕ್ ಬಿಚ್ಚಬೇಕಾದೀತು.

## ಹಂತ 2: ನಕಲಿ ಕಾರ್ಡ್‌ಗಳನ್ನು ಆಚೆ ಇಡಿ

ದುಗ್ಗಮ್ಮನ ಜಾತ್ರೆಯಂಥ ಕಡೆ ಆಟಿಕೆ ಸಾಲುಗಳಲ್ಲಿ ಸಿಗುವ ಪೆಟ್ಟಿಗೆಯ ಪ್ರತಿಯೊಂದು ಕಾರ್ಡೂ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅದು ನಕಲಿಯೆಂದೇ ತಿಳಿಯಿರಿ. ಮಕ್ಕಳು ಅವುಗಳಿಂದ ಆಡಿ ಖುಷಿಪಡುವುದಕ್ಕೆ ಅಡ್ಡಿಯಿಲ್ಲ, ಆದರೆ ಅವುಗಳ ಮೇಲೆ ಅಚ್ಚಾದ ಹಾನಿಯ ಅಂಕಿ, ಎನರ್ಜಿ ಚಿಹ್ನೆ, ಬರಹ ಹಲವು ಸಲ ತಪ್ಪಾಗಿರುವುದರಿಂದ ಡೆಕ್ ಕಟ್ಟುವ ಲೆಕ್ಕವೇ ಕೆಡುತ್ತದೆ.

ಅನುಮಾನ ಬಂದ ಕಾರ್ಡನ್ನು ಖಚಿತವಾಗಿ ಅಸಲಿಯೆಂದು ಗೊತ್ತಿರುವ ಕಾರ್ಡಿನ ಪಕ್ಕದಲ್ಲಿಡಿ. ಹಿಂಬದಿಯ ಬಣ್ಣ (ಪೊಕೆಮಾನ್ ಆದರೆ ನೀಲಿ) ಪೇಲವವಾಗಿದೆಯೇ, ಅಕ್ಷರಗಳ ಅಂಚು ಮಸುಕಾಗಿದೆಯೇ, ಕಾರ್ಡ್ ತೆಳುವಾಗಿ ಬಳುಕುತ್ತದೆಯೇ ಎಂಬುದನ್ನು ನೋಡಿ, ಬಳಿಕ ಎರಡನ್ನೂ ಮೊಬೈಲ್ ಟಾರ್ಚಿನ ಮುಂದೆ ಹಿಡಿಯಿರಿ. ಅಸಲಿ ಕಾರ್ಡಿನ ನಡುವೆ ಬೆಳಕನ್ನು ತಡೆಯುವ ಒಂದು ಪದರವಿರುತ್ತದೆ, ಅಗ್ಗದ ನಕಲಿಯಲ್ಲಿ ಬೆಳಕು ಸಲೀಸಾಗಿ ಆರುಪಾರಾಗುತ್ತದೆ. ಕಾರ್ಡನ್ನು ಹರಿದೋ ಬಗ್ಗಿಸಿಯೋ ಪರೀಕ್ಷಿಸುವ ಅಗತ್ಯವಿಲ್ಲ.

## ಹಂತ 3: ಗೆಲ್ಲುವ ದಾರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಯಾವ ಕಾರ್ಡನ್ನೂ ಕೈಗೆತ್ತಿಕೊಳ್ಳುವ ಮೊದಲು "ಈ ಡೆಕ್ ಎಷ್ಟನೆಯ ಸರದಿಯ ಹೊತ್ತಿಗೆ, ಏನು ಮಾಡಿ ಗೆಲ್ಲುತ್ತದೆ" ಎಂಬುದನ್ನು ಬರೆಯಬೇಕು. ವಾಕ್ಯ ಎರಡಾದರೆ ನಿಮ್ಮ ಬಳಿ ಇರುವುದು ಎರಡು ಡೆಕ್ಕಿನ ಸಾಮಾನು. "ಒಳ್ಳೆಯ ಕಾರ್ಡ್‌ಗಳನ್ನು ಆಡುತ್ತೇನೆ" ಎಂಬುದು ದಾರಿಯಲ್ಲ; "ಮೊದಲೆರಡು ಸರದಿಯಲ್ಲಿ ಜೀವ ಏರಿಸುವ ಚಿಕ್ಕ ಜೀವಿಗಳನ್ನು ಇಳಿಸಿ, ಜೀವ ಏರಿದಾಗಲೆಲ್ಲ ಬೆಳೆಯುವ ಒಂದು ಜೀವಿಯನ್ನು ದೊಡ್ಡದು ಮಾಡಿ, ಆರನೆಯ ಸರದಿಯೊಳಗೆ ಹಾರುವ ಹಕ್ಕಿಗಳ ಜತೆ ನುಗ್ಗುತ್ತೇನೆ" ಎಂಬುದು ದಾರಿ.

ಮುಂದೆ ಕಟ್ಟುವುದು ಈ ಎರಡನೆಯ ವಾಕ್ಯದ ಡೆಕ್ಕನ್ನೇ. ಅದನ್ನು ಪುಟದ ತಲೆಗೆ ಬರೆದಿಡಿ, ಏಕೆಂದರೆ ಮುಂದಿನ ಪ್ರತಿ ಹಂತದಲ್ಲೂ ಒಂದು ಕಾರ್ಡ್ ಒಳಗೋ ಹೊರಗೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಆ ವಾಕ್ಯವೇ. ಸೃಜನಶೀಲ ಡೆಕ್ ಎಂದು ಜನ ಮೆಚ್ಚುವುದೂ ಈ ವಾಕ್ಯ ಹೊಸದಾಗಿದ್ದಾಗ. ವಿಚಿತ್ರ ಕಾರ್ಡ್‌ಗಳನ್ನು ಒಂದೊಂದರಂತೆ ತುಂಬಿದ ಮಾತ್ರಕ್ಕೆ ಡೆಕ್ ಸೃಜನಶೀಲವಾಗುವುದಿಲ್ಲ.

## ಹಂತ 4: ತಿರುಳಿನ ಕಾರ್ಡ್‌ಗಳನ್ನು ನಾಲ್ಕು ನಾಲ್ಕಾಗಿ ಇಡಿ

ವಾಕ್ಯ ನಿಜವಾಗಬೇಕಾದರೆ ಅದರಲ್ಲಿ ಹೇಳಿದ ಕಾರ್ಡ್‌ಗಳು ಕೈಗೆ ಬರಬೇಕು. 60 ಕಾರ್ಡ್‌ಗಳ ಡೆಕ್ಕಿನಲ್ಲಿ ಒಂದು ಕಾರ್ಡಿನ ಒಂದೇ ಪ್ರತಿಯಿದ್ದರೆ ಮೊದಲ ಏಳರ ಕೈಯಲ್ಲಿ ಅದು ಬರುವ ಸಾಧ್ಯತೆ ಶೇ. 12ರ ಆಸುಪಾಸು, ನಾಲ್ಕು ಪ್ರತಿಗಳಿದ್ದರೆ ಒಂದಾದರೂ ಬರುವ ಸಾಧ್ಯತೆ ಶೇ. 40. ಮೊದಲು ಆಡುವವರು ನಾಲ್ಕನೆಯ ಸರದಿಗೆ ಹತ್ತು ಕಾರ್ಡ್ ನೋಡಿರುತ್ತಾರೆ, ಆಗ ನಾಲ್ಕು ಪ್ರತಿಗಳಲ್ಲಿ ಒಂದು ಸಿಕ್ಕಿರುವ ಸಾಧ್ಯತೆ ಶೇ. 53ಕ್ಕೆ ಏರುತ್ತದೆ. ನಾಲ್ಕು ಹಾಕಿದರೂ ಅರ್ಧ ಸಲ ಮಾತ್ರ ಸಿಗುವುದೆಂದ ಮೇಲೆ, ಒಂದೇ ಕೆಲಸ ಮಾಡುವ ಎರಡು ಬೇರೆ ಹೆಸರಿನ ಕಾರ್ಡ್‌ಗಳನ್ನು ನಾಲ್ಕು ನಾಲ್ಕು ಸೇರಿಸಿ ಎಂಟು ಮಾಡುವುದೇ ಬಲವಾದ ಉಪಾಯ.

ನಮ್ಮ ಉದಾಹರಣೆಯಲ್ಲಿ ಸೋಲ್ ವಾರ್ಡನ್ ಮತ್ತು ಸೋಲ್ಸ್ ಅಟೆಂಡೆಂಟ್ ಅಂಥ ಜೋಡಿ: ಖರ್ಚು ಒಂದು ಬಿಳಿ ಮಾನಾ (ಲ್ಯಾಂಡ್ ಕೊಡುವ ಶಕ್ತಿ), ಬೇರೊಂದು ಜೀವಿ ಕಣಕ್ಕೆ ಬಂದಾಗಲೆಲ್ಲ ಒಂದು ಜೀವ ಲಾಭ. ಎದುರಾಳಿಯ ಜೀವಿ ಇಳಿದರೂ ಲಾಭ ನಿಮಗೇ, ಇದನ್ನು ಮರೆಯುವವರು ಬಹಳ. ಜೀವ ಏರಿದಾಗಲೆಲ್ಲ ಬೆಳೆಯುವುದು ಅಜಾನೀಸ್ ಪ್ರೈಡ್‌ಮೇಟ್, ಎರಡು ಮಾನಾದ 2/2 ಜೀವಿ (ಮೊದಲ ಅಂಕಿ ಹೊಡೆತ, ಎರಡನೆಯದು ತಾಳಿಕೆ). ಇವುಗಳ ಸುತ್ತ ಪಟ್ಟಿ ಹೀಗೆ ಬೆಳೆಯುತ್ತದೆ:

ಒಂದು ಮಾನಾ: ಸೋಲ್ ವಾರ್ಡನ್ 4, ಸೋಲ್ಸ್ ಅಟೆಂಡೆಂಟ್ 4, ಹೀಲರ್ಸ್ ಹಾಕ್ 4.
ಎರಡು ಮಾನಾ: ಅಜಾನೀಸ್ ಪ್ರೈಡ್‌ಮೇಟ್ 4, ಸ್ಕ್ವಾಡ್ರನ್ ಹಾಕ್ 4, ರೇಸ್ ದ ಅಲಾರ್ಮ್ 4, ಜರ್ನಿ ಟು ನೋವೇರ್ 4.
ಮೂರು ಮಾನಾ: ಗಾರ್ಡಿಯನ್ಸ್ ಪ್ಲೆಡ್ಜ್ 2.
ನಾಲ್ಕು ಮಾನಾ: ಬ್ಯಾಟಲ್ ಸ್ಕ್ರೀಚ್ 4.

ಇದು 34 ಆಯಿತು. ಪ್ರತಿಯೊಂದೂ ವಾಕ್ಯಕ್ಕೆ ಹೇಗೆ ದುಡಿಯುತ್ತದೆಂದು ಹೇಳಲು ಬರಬೇಕು. ಸ್ಕ್ವಾಡ್ರನ್ ಹಾಕ್ ಕಣಕ್ಕಿಳಿದಾಗ ಅದೇ ಹೆಸರಿನ ಇನ್ನು ಮೂರನ್ನು ಡೆಕ್ಕಿನಿಂದ ಕೈಗೆ ತರಬಹುದು; ಆದ್ದರಿಂದ ಅದನ್ನು ನಾಲ್ಕು ಹಾಕುವುದು ಇಲ್ಲವೇ ಬಿಡುವುದು, ಎರಡು ಹಾಕುವುದರಲ್ಲಿ ಅರ್ಥವಿಲ್ಲ. ರೇಸ್ ದ ಅಲಾರ್ಮ್ ಒಂದೇ ಕಾರ್ಡಿನಲ್ಲಿ ಎರಡು ಸೈನಿಕರನ್ನು ಕೊಡುತ್ತದೆ, ಅಂದರೆ ಎರಡು ಸಲ ಜೀವ ಲಾಭ. ಜರ್ನಿ ಟು ನೋವೇರ್ ಎದುರಾಳಿಯ ದೊಡ್ಡ ಜೀವಿಯನ್ನು ಕಣದಿಂದ ಆಚೆ ಕಳಿಸುತ್ತದೆ. ಎದುರಾಳಿ ಏನು ಮಾಡುತ್ತಾನೆಂಬುದಕ್ಕೆ ಉತ್ತರವಿಲ್ಲದ ಡೆಕ್ ಎಷ್ಟೇ ಜಾಣತನದ್ದಾದರೂ ಎರಡನೆಯ ಆಟಕ್ಕೇ ಬಯಲಾಗುತ್ತದೆ.

ತಿರುಳು ಕೂಡಿಬಂದಾಗ ಏನಾಗುತ್ತದೆಂದು ಒಂದು ಸರದಿಯನ್ನು ಬಿಡಿಸಿ ನೋಡಿ. ಕಣದಲ್ಲಿ ವಾರ್ಡನ್ ಮತ್ತು ಪ್ರೈಡ್‌ಮೇಟ್ ಇವೆ, ನಾಲ್ಕು ಲ್ಯಾಂಡ್ ಇವೆ. ಬ್ಯಾಟಲ್ ಸ್ಕ್ರೀಚ್ ಆಡಿದರೆ ಎರಡು ಬಿಳಿ ಹಕ್ಕಿಗಳು ಬರುತ್ತವೆ, ಎರಡು ಸಲ ಜೀವ ಏರುತ್ತದೆ, ಪ್ರೈಡ್‌ಮೇಟ್ 4/4 ಆಗುತ್ತದೆ. ಈಗ ಅದೇ ಕಾರ್ಡನ್ನು ಗ್ರೇವ್‌ಯಾರ್ಡಿನಿಂದ (ಆಡಿ ಮುಗಿದ ಕಾರ್ಡ್‌ಗಳ ಗುಡ್ಡೆಯಿಂದ) ಮತ್ತೊಮ್ಮೆ ಆಡಲು ಮಾನಾ ಬೇಡ, ಮೂರು ಬಿಳಿ ಜೀವಿಗಳನ್ನು ಟ್ಯಾಪ್ ಮಾಡಿದರೆ, ಅಂದರೆ ಬಳಸಿದ ಗುರುತಿಗೆ ಅಡ್ಡ ತಿರುಗಿಸಿದರೆ ಸಾಕು. ವಾರ್ಡನ್ ಮತ್ತು ಈಗಷ್ಟೇ ಬಂದ ಎರಡು ಹಕ್ಕಿಗಳನ್ನೇ ಅಡ್ಡ ತಿರುಗಿಸಿ, ಇನ್ನೆರಡು ಹಕ್ಕಿಗಳನ್ನು ಇಳಿಸಿ. ಪ್ರೈಡ್‌ಮೇಟ್ 6/6, ಅದೂ ಟ್ಯಾಪ್ ಆಗದೆ ದಾಳಿಗೆ ಸಿದ್ಧ. ಅಟೆಂಡೆಂಟ್ ಕೂಡ ಕಣದಲ್ಲಿದ್ದಿದ್ದರೆ ಪ್ರತಿ ಹಕ್ಕಿಗೂ ಎರಡು ಲಾಭವಾಗಿ ಅದು 10/10 ಆಗುತ್ತಿತ್ತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಪ್ರೈಡ್‌ಮೇಟ್ ಬೆಳೆಯುವುದು ಎಷ್ಟು ಜೀವ ಏರಿತೆಂಬುದರ ಮೇಲಲ್ಲ, ಎಷ್ಟು ಸಲ ಏರಿತೆಂಬುದರ ಮೇಲೆ. ಒಂದೇ ಏಟಿಗೆ ಐದು ಜೀವ ಕೊಡುವ ಕಾರ್ಡ್ ನೋಡಲು ಭಾರಿ, ಈ ಡೆಕ್ಕಿನಲ್ಲಿ ಮಾತ್ರ ಅದರಿಂದ ಸಿಗುವುದು ಒಂದೇ ಕೌಂಟರ್ (ಜೀವಿ ಒಂದು ಮೆಟ್ಟಿಲು ಬೆಳೆದ ಗುರುತು). ಕಾರ್ಡಿನ ಬರಹವನ್ನು ಪೂರ್ತಿ ಓದದೆ ಚಿತ್ರ ಮತ್ತು ಅಂಕಿ ನೋಡಿ ಆಯ್ದವರ ಡೆಕ್ಕಿನಲ್ಲಿ ಇಂಥವು ಐದಾರಾದರೂ ಇರುತ್ತವೆ.

## ಹಂತ 5: ಲ್ಯಾಂಡ್‌ಗಳ ಲೆಕ್ಕ

ಹೊಸಬರ ಡೆಕ್ ಹೆಚ್ಚಾಗಿ ಮುರಿದು ಬೀಳುವುದು ಇಲ್ಲೇ. ಮ್ಯಾಜಿಕ್ ಡೆಕ್ಕಿಗೆ 18 ಲ್ಯಾಂಡ್ ಹಾಕಿದರೆ ಮೊದಲ ಏಳರ ಕೈಯಲ್ಲಿ ಒಂದೋ ಸೊನ್ನೆಯೋ ಲ್ಯಾಂಡ್ ಬರುವ ಸಾಧ್ಯತೆ ಶೇ. 31, 22 ಹಾಕಿದರೆ ಶೇ. 19, 24 ಹಾಕಿದರೆ ಶೇ. 14. ಹದಿನೆಂಟರ ಡೆಕ್ಕಿನವರು ಮೂರು ಆಟಕ್ಕೊಂದು ಆಟವನ್ನು ಹೆಚ್ಚುಕಡಿಮೆ ಕಾರ್ಡ್ ಹಂಚಿದ ಕೂಡಲೇ ಸೋತಿರುತ್ತಾರೆ. ಆದರೂ "ಲ್ಯಾಂಡ್ ತೆಗೆದು ಒಂದು ಒಳ್ಳೆ ಕಾರ್ಡ್ ಹಾಕೋಣ" ಎಂಬ ಆಸೆಯನ್ನು ಬಿಡುವುದು ಎಲ್ಲರಿಗೂ ಕಷ್ಟ.

ಅಂದಾಜು ಹೀಗಿರಲಿ: ಡೆಕ್ಕಿನ ಬಹುಪಾಲು ಕಾರ್ಡ್‌ಗಳು ಒಂದು ಎರಡು ಮಾನಾದವಾದರೆ 22ರಿಂದ ಶುರು ಮಾಡಿ, ನಾಲ್ಕು ಐದು ಮಾನಾದವು ಹಲವಿದ್ದರೆ 24ರಿಂದ, ಇದಕ್ಕಿಂತ ಮೇಲೆ ಕೆಳಗೆ ಹೋಗುವುದನ್ನು ಪರೀಕ್ಷೆಯ ಹಂತಕ್ಕೆ ಬಿಡಿ. ನಮ್ಮ ಡೆಕ್ಕಿಗೆ 22 ಪ್ಲೇನ್ಸ್ (ಬಿಳಿ ಮಾನಾ ಕೊಡುವ ಬೇಸಿಕ್ ಲ್ಯಾಂಡ್) ಸೇರಿಸಿದರೆ ಒಟ್ಟು 56 ಆಗುತ್ತದೆ.

ಎರಡನೆಯ ಬಣ್ಣದ ಆಸೆ ಬರುವುದೂ ಈ ಹಂತದಲ್ಲೇ. ಕೆಂಪು ಬಣ್ಣದ ಒಂದು ಕಾರ್ಡ್ ಹಿಡಿಸಿತೆಂದು ಹನ್ನೊಂದು ಪ್ಲೇನ್ಸ್ ತೆಗೆದು ಹನ್ನೊಂದು ಮೌಂಟನ್ ಹಾಕಿದರೆ, ಮೊದಲ ಸರದಿಗೆ ವಾರ್ಡನ್ ಇಳಿಸಲು ಬೇಕಾದ ಬಿಳಿ ಮಾನಾವೂ, ಬ್ಯಾಟಲ್ ಸ್ಕ್ರೀಚ್ ಕೇಳುವ ಎರಡು ಬಿಳಿ ಮಾನಾವೂ ಭರವಸೆಯಿಲ್ಲದವಾಗುತ್ತವೆ. ಎರಡು ಬಣ್ಣದ ಮಾನಾ ಕೊಡುವ ಲ್ಯಾಂಡ್‌ಗಳು ನಿಮ್ಮ ಬಳಿ ಸಾಕಷ್ಟು ಇಲ್ಲದಿದ್ದರೆ ಮೊದಲ ಡೆಕ್ ಒಂದೇ ಬಣ್ಣದಲ್ಲಿರಲಿ.

ಕಾರ್ಡ್‌ಗಳನ್ನು ಖರ್ಚಿನ ಪ್ರಕಾರ ನೆಲದ ಮೇಲೆ ಉದ್ದ ಸಾಲುಗಳಾಗಿ ಹರಡಿ ನೋಡುವುದು ಒಳ್ಳೆಯ ಅಭ್ಯಾಸ. ಎಡಗಡೆಯ ಒಂದು, ಎರಡರ ಸಾಲುಗಳು ಉದ್ದವಾಗಿದ್ದು ಬಲಕ್ಕೆ ಹೋದಂತೆ ಕುಗ್ಗಬೇಕು. ಐದು, ಆರರ ಸಾಲು ಎರಡರ ಸಾಲಿಗಿಂತ ಉದ್ದವಾಗಿ ಕಂಡರೆ ಆ ಡೆಕ್ ಮೊದಲ ಮೂರು ಸರದಿ ಸುಮ್ಮನೆ ಕೂರುತ್ತದೆ.

## ಹಂತ 6: ಪೊಕೆಮಾನ್ ಮತ್ತು ಯು-ಗಿ-ಓ ಆಡುವವರಿಗೆ ಬೇರೆ ಲೆಕ್ಕ

ಪೊಕೆಮಾನ್‌ನಲ್ಲಿ ಲ್ಯಾಂಡಿನ ಜಾಗದಲ್ಲಿ ನೋಡಬೇಕಾದ ಮೊದಲ ಅಂಕಿ ಬೇಸಿಕ್ ಪೊಕೆಮಾನ್‌ಗಳದು (ವಿಕಾಸವಿಲ್ಲದೆ ನೇರವಾಗಿ ಕಣಕ್ಕಿಳಿಸಬಹುದಾದವು). ಏಳರ ಕೈಯಲ್ಲಿ ಒಂದಾದರೂ ಬೇಸಿಕ್ ಇಲ್ಲದಿದ್ದರೆ ಕೈ ತೋರಿಸಿ ಮತ್ತೆ ಕಲೆಸಬೇಕು, ಹಾಗೆ ಕಲೆಸಿದ ಪ್ರತಿ ಸಲಕ್ಕೂ ಎದುರಾಳಿ ಒಂದೊಂದು ಕಾರ್ಡ್ ಹೆಚ್ಚಿಗೆ ಎಳೆದುಕೊಳ್ಳಬಹುದು. ಡೆಕ್ಕಿನಲ್ಲಿ 8 ಬೇಸಿಕ್ ಇದ್ದರೆ ಹೀಗಾಗುವ ಸಾಧ್ಯತೆ ಶೇ. 35ರ ಹತ್ತಿರ, 12 ಇದ್ದರೆ ಶೇ. 19.

ಎರಡನೆಯದು ಆಟದ ಶುರುವಿಗೆ ಪಕ್ಕದಲ್ಲಿ ಮುಚ್ಚಿಡುವ ಬಹುಮಾನದ ಆರು ಕಾರ್ಡ್‌ಗಳು. ಅರವತ್ತರಲ್ಲಿ ಆರು ಮುಚ್ಚಿಹೋಗುವುದರಿಂದ, ಒಂದೇ ಪ್ರತಿಯಿರುವ ಯಾವ ಕಾರ್ಡ್ ಆದರೂ ಹತ್ತು ಆಟಗಳಲ್ಲಿ ಸರಾಸರಿ ಒಂದು ಆಟದಲ್ಲಿ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಗೆಲ್ಲುವ ದಾರಿಯ ಮುಖ್ಯ ಕಾರ್ಡನ್ನು ಒಂದೇ ಇಡಬಾರದೆನ್ನುವುದು ಇದಕ್ಕೇ.

ಮೂರನೆಯದು ಎನರ್ಜಿ. ಸರದಿಗೆ ಕೈಯಿಂದ ಒಂದೇ ಎನರ್ಜಿ ಜೋಡಿಸಲು ಅವಕಾಶವಿರುವುದರಿಂದ ಇಪ್ಪತ್ತೈದು ಮೂವತ್ತು ಎನರ್ಜಿ ತುಂಬಿದ ಡೆಕ್ಕಿನಲ್ಲಿ ಉಳಿದವು ಕೈಯಲ್ಲೇ ಕೊಳೆಯುತ್ತವೆ. ಡೆಕ್ಕಿನ ಅರ್ಧಕ್ಕೂ ಹೆಚ್ಚು ಜಾಗ ಟ್ರೈನರ್ ಕಾರ್ಡ್‌ಗಳಿಗೆ ಹೋಗಬೇಕು. ಬೇಕಾದ ಪೊಕೆಮಾನ್ ಹುಡುಕಿಕೊಡುವ ಅಲ್ಟ್ರಾ ಬಾಲ್‌ನಂಥವು, ಹೊಸ ಕೈ ಎಳೆದುಕೊಡುವ ಸಪೋರ್ಟರ್‌ಗಳು ನಾಲ್ಕು ನಾಲ್ಕು ಇರುವ ಡೆಕ್ಕಿಗೆ ಹತ್ತು ಹನ್ನೆರಡು ಎನರ್ಜಿ ಸಾಕಾಗುತ್ತದೆ. ಸಪೋರ್ಟರ್ ಸರದಿಗೆ ಒಂದೇ ಆಡಬಹುದೆಂಬುದನ್ನು ಮರೆತು ಇಪ್ಪತ್ತು ಸಪೋರ್ಟರ್ ತುಂಬುವುದು ಅದರ ವಿರುದ್ಧ ದಿಕ್ಕಿನ ತಪ್ಪು. ಎರಡನೆಯ ಹಂತದ ವಿಕಾಸಗಳಿರುವ ಪೊಕೆಮಾನ್ ಸಾಲುಗಳನ್ನು ಒಂದು ಡೆಕ್ಕಿನಲ್ಲಿ ಒಂದಕ್ಕೆ ಸೀಮಿತಗೊಳಿಸಿ.

ಯು-ಗಿ-ಓ ವಿಷಯ ಬೇಗ ಮುಗಿಯುತ್ತದೆ: ಬಲವಾದ ಕಾರಣವಿಲ್ಲದೆ 40ನ್ನು ದಾಟಬೇಡಿ. ಮೂರು ಪ್ರತಿಗಳಿರುವ ಕಾರ್ಡ್ ಮೊದಲ ಐದರ ಕೈಗೆ ಬರುವ ಸಾಧ್ಯತೆ 40ರ ಡೆಕ್ಕಿನಲ್ಲಿ ಶೇ. 34, ಅದೇ 60ರ ಡೆಕ್ಕಿನಲ್ಲಿ ಶೇ. 23.

## ಹಂತ 7: ಉಳಿದ ನಾಲ್ಕು ಜಾಗ, ನಿಮ್ಮ ಕಲ್ಪನೆ

ಈಗ 56ರ ಚೌಕಟ್ಟು ನಿಂತಿದೆ, ನಾಲ್ಕು ಜಾಗ ಖಾಲಿಯಿವೆ. ನಿಮಗೆ ಪ್ರಿಯವಾದ ವಿಚಿತ್ರ ಕಾರ್ಡ್‌ಗಳಿಗೆ ಬಾಗಿಲು ತೆರೆಯುವುದು ಇಲ್ಲಿ. ನಿಯಮ ಒಂದೇ: ಅದು ಹಂತ 3ರ ವಾಕ್ಯದಲ್ಲಿನ ಯಾವ ಪದಕ್ಕೆ ಸಹಾಯ ಮಾಡುತ್ತದೆಂದು ತೋರಿಸಬೇಕು. ಕಣದಲ್ಲಿರುವ ನಿಮ್ಮದೇ ಒಂದು ಕಾರ್ಡನ್ನು ಕೈಗೆ ವಾಪಸು ಕೇಳುವ ಕೋರ್ ಸ್ಕೈಫಿಶರ್ ಮೇಲ್ನೋಟಕ್ಕೆ ನಷ್ಟದ ವ್ಯಾಪಾರ. ಆದರೆ ಟ್ಯಾಪ್ ಆದ ಒಂದು ಲ್ಯಾಂಡನ್ನು ಎತ್ತಿಕೊಂಡು, ಆ ಸರದಿಯ ಲ್ಯಾಂಡ್ ಇನ್ನೂ ಇಳಿಸಿರದಿದ್ದರೆ ಅದನ್ನೇ ಮತ್ತೆ ಇಳಿಸಿದಾಗ ನಷ್ಟ ಬಹುಪಾಲು ತುಂಬಿಬರುತ್ತದೆ, ಎರಡು ಮಾನಾಕ್ಕೆ ಹಾರುವ 2/3 ಜೀವಿ ಸಿಗುತ್ತದೆ. ಇಂಥ ನಷ್ಟದಲ್ಲಿ ಲಾಭ ಹುಡುಕುವುದೇ ಡೆಕ್ ಕಟ್ಟುವವರ ನಿಜವಾದ ಚತುರತೆ.

ನಾಲ್ಕು ಜಾಗಕ್ಕೆ ನಾಲ್ಕು ಬೇರೆ ಬೇರೆ ಕಾರ್ಡ್ ಹಾಕುವ ಬದಲು ಒಂದನ್ನೇ ನಾಲ್ಕು ಅಥವಾ ಎರಡನ್ನು ಎರಡೆರಡು ಹಾಕಿ; ಇಲ್ಲದಿದ್ದರೆ ಅವು ಕೈಗೆ ಬರುವುದೇ ಅಪರೂಪವಾಗಿ, ನಿಮ್ಮ ಕಲ್ಪನೆ ಸರಿಯೋ ತಪ್ಪೋ ತಿಳಿಯುವುದಿಲ್ಲ. ಅರವತ್ತೊಂದನೆಯ ಕಾರ್ಡ್ ಬೇಡ. "ಒಂದೇ ತಾನೇ" ಎಂದು ಸೇರಿಸಿದವರು ಯಾರೂ ಒಂದಕ್ಕೆ ನಿಂತಿಲ್ಲ.

ಇಷ್ಟಾದರೂ ಇನ್ನೂ ದುಡ್ಡು ಖರ್ಚು ಮಾಡಬೇಡಿ. ಬಳಿಯಿಲ್ಲದ ಕಾರ್ಡಿನ ಹೆಸರು, ಖರ್ಚು, ಬರಹವನ್ನು ಚೀಟಿಯ ಮೇಲೆ ಬರೆದು, ಅಥವಾ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರತಿ ತೆಗೆಸಿ, ಯಾವುದಾದರೂ ಬೇಡದ ಕಾರ್ಡಿನ ಮುಂದೆ ಅದೇ ಸ್ಲೀವಿನಲ್ಲಿ ತೂರಿಸಿ ಆಡಿ ನೋಡಿ. ಇದು ಮನೆಯ ಅಭ್ಯಾಸಕ್ಕೆ ಮಾತ್ರ. ಅಧಿಕೃತ ಪಂದ್ಯಕ್ಕೆ ಇಂಥ ಚೀಟಿ ನಡೆಯದು, ಮಾರುವುದಂತೂ ತಪ್ಪು. ಪರೀಕ್ಷೆಯಲ್ಲಿ ಗೆದ್ದ ಕಾರ್ಡ್‌ಗಳನ್ನು ಆಮೇಲೆ ಬಿಡಿಬಿಡಿಯಾಗಿ ಕೊಳ್ಳಿ. ಬೇಕಾದ ಕಾರ್ಡ್ ಸಿಗಲೆಂದು ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡಿದೆಯೆಂದು ತಿಳಿಯದ ಪೊಟ್ಟಣ) ಒಡೆಯುತ್ತ ಹೋಗುವುದು ಡೆಕ್ ಕಟ್ಟುವ ಅತ್ಯಂತ ದುಬಾರಿ ವಿಧಾನ.

## ಹಂತ 8: ಕಲೆಸುವುದು ಮತ್ತು ಒಬ್ಬರೇ ಆಡಿ ನೋಡುವುದು

ಹೊಸ ಡೆಕ್ಕಿನಲ್ಲಿ ಲ್ಯಾಂಡ್‌ಗಳೆಲ್ಲ ಒಂದೇ ಕಡೆ ಅಂಟಿಕೊಂಡಿರುತ್ತವೆ. 52 ಎಲೆಗಳ ಕಟ್ಟು ಚೆನ್ನಾಗಿ ಬೆರೆಯಲು ಸುಮಾರು ಏಳು ರಿಫಲ್ (ಕಟ್ಟನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಬೆರೆಸುವುದು) ಬೇಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ತೋರಿಸಿದ್ದಾರೆ. 60ರ ಡೆಕ್ಕಿಗೆ ಅದಕ್ಕಿಂತ ಕಡಿಮೆ ಮಾಡಬೇಡಿ. ಸ್ಲೀವ್ ಹಾಕಿದ ಕಾರ್ಡ್‌ಗಳನ್ನು ಬಗ್ಗಿಸದೆ, ಎರಡು ಭಾಗ ಮಾಡಿ ಒಂದರ ಅಂಚನ್ನು ಇನ್ನೊಂದರೊಳಗೆ ಮೆಲ್ಲಗೆ ಒತ್ತಿ ಬೆರೆಸುವುದು ಸುರಕ್ಷಿತ. ಕಾರ್ಡ್‌ಗಳನ್ನು ಏಳೆಂಟು ಗುಡ್ಡೆಗಳಾಗಿ ಹಂಚಿ ಪೇರಿಸುವುದರಿಂದ ಎಣಿಕೆ ಸರಿಯಿದೆಯೇ ಎಂದು ತಿಳಿಯುತ್ತದೆ, ಅಷ್ಟೇ; ಅದು ಕಲೆಸುವಿಕೆಯಲ್ಲ. ಎರಡು ಕಾರ್ಡಿಗೊಂದು ಲ್ಯಾಂಡ್ ಪೋಣಿಸಿಟ್ಟು ಮೇಲೆ ಮೇಲೆ ಕಲೆಸುವವರಿದ್ದಾರೆ. ಸರಿಯಾಗಿ ಕಲೆಸಿದರೆ ಆ ಪೋಣಿಕೆ ವ್ಯರ್ಥ, ಕಲೆಸದಿದ್ದರೆ ಅದು ಮೋಸ.

ನಂತರ ಎದುರಾಳಿಯಿಲ್ಲದೆ ಏಳು ಕಾರ್ಡ್ ಎಳೆದು ಆರು ಸರದಿ ಆಡಿ, ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಿರಿ: ಮೊದಲ ಜೀವಿ ಎಷ್ಟನೆಯ ಸರದಿಗೆ ಇಳಿಯಿತು, 20 ಹಾನಿ ಎಷ್ಟನೆಯ ಸರದಿಗೆ ಆಯಿತು, ಕೊನೆಗೆ ಕೈಯಲ್ಲಿ ಆಡಲಾಗದೆ ಉಳಿದದ್ದು ಯಾವ ಕಾರ್ಡ್. ಮೂರನೆಯ ಕಾಲಮ್ಮಿನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಅದನ್ನು ತೆಗೆಯುವ ಕಾಲ ಬಂದಿದೆ. ಕೆಟ್ಟ ಕೈ ಬಂದರೆ ಮಲ್ಲಿಗನ್ ಮಾಡುವುದನ್ನೂ (ಕೈಯನ್ನು ಡೆಕ್ಕಿಗೆ ಮರಳಿಸಿ ಹೊಸದಾಗಿ ಎಳೆಯುವುದನ್ನು) ಈಗಲೇ ರೂಢಿಸಿಕೊಳ್ಳಿ. ಮ್ಯಾಜಿಕ್‌ನಲ್ಲಿ 2019ರಿಂದ ಜಾರಿಯಲ್ಲಿರುವ ಕ್ರಮದಂತೆ ಮತ್ತೆ ಏಳು ಎಳೆದು, ಎಷ್ಟು ಸಲ ಮಲ್ಲಿಗನ್ ಆಯಿತೋ ಅಷ್ಟು ಕಾರ್ಡನ್ನು ಡೆಕ್ಕಿನ ಅಡಿಗೆ ಹಾಕಬೇಕು. ಒಂದೇ ಲ್ಯಾಂಡಿನ ಕೈಯನ್ನು "ಮುಂದೆ ಬರುತ್ತದೆ ಬಿಡಿ" ಎಂದು ಇಟ್ಟುಕೊಳ್ಳುವ ಹಟ ಹೊಸಬರಲ್ಲಿ ಲ್ಯಾಂಡ್ ಕೊರತೆಯಷ್ಟೇ ಆಟಗಳನ್ನು ಸೋಲಿಸುತ್ತದೆ.

## ಹಂತ 9: ಎದುರಾಳಿಯೊಂದಿಗೆ ಪರೀಕ್ಷೆ, ಅಪಾಯದ ಸೂಚನೆಗಳು

ಗೆಳೆಯರ ಡೆಕ್ ಎದುರು ಹತ್ತು ಆಟದಲ್ಲಿ ಆರು ಗೆದ್ದ ಕೂಡಲೇ ಬೀಗಬೇಡಿ. ಸರಿಸಮಾನವಾದ ಎರಡು ಡೆಕ್‌ಗಳ ನಡುವೆಯೂ ಒಂದು ಡೆಕ್ ಹತ್ತರಲ್ಲಿ ಆರು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಶೇ. 38ರಷ್ಟಿದೆ. ಹಾಗಾಗಿ ಗೆಲುವು-ಸೋಲಿನ ಲೆಕ್ಕಕ್ಕಿಂತ ಸೋಲಿನ ಕಾರಣ ಬರೆದಿಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ಸೋಲಿಗೆ ಒಂದು ಸಾಲು ಸಾಕು. ಅದನ್ನು ಆಟ ಮುಗಿದ ತಕ್ಷಣ, ಮುಂದಿನ ಕೈ ಹಂಚುವ ಮೊದಲು ಬರೆಯಬೇಕು.

ಬದಲಾವಣೆ ಮಾಡುವಾಗ ಒಮ್ಮೆಗೆ ಎರಡರಿಂದ ನಾಲ್ಕು ಕಾರ್ಡ್ ಮಾತ್ರ ಬದಲಿಸಿ. ಒಂದು ರಾತ್ರಿಯಲ್ಲಿ ಹದಿನೈದು ಕಾರ್ಡ್ ಬದಲಿಸಿದವರಿಗೆ ಮರುದಿನ ಡೆಕ್ ಸುಧಾರಿಸಿದರೆ ಯಾವುದರಿಂದ ಸುಧಾರಿಸಿತೆಂದು ಗೊತ್ತಾಗದು, ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ಗೊತ್ತಾಗದು.

ಕೆಲವು ಸೂಚನೆಗಳು ಕಂಡಾಗ ಬಿಡಿ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ, ಹಿಂದಿನ ಹಂತಕ್ಕೇ ಮರಳಬೇಕು. ನೀವು ಗೆದ್ದ ಆಟಗಳೆಲ್ಲ ಒಂದೇ ಒಂದು ಕಾರ್ಡ್ ಬಂದಾಗ ಮಾತ್ರ ಗೆದ್ದವಾಗಿದ್ದರೆ ತಿರುಳು ತೆಳುವಾಗಿದೆ, ಹಂತ 4ಕ್ಕೆ ಹೋಗಿ. ಎರಡನೆಯ ಸರದಿ ಮುಗಿದರೂ ಕಣ ಖಾಲಿಯಿರುವುದು ಮರುಕಳಿಸುತ್ತಿದ್ದರೆ ಹಂತ 5. ಎಲ್ಲ ಕಾರ್ಡೂ ಆಡಲು ಬಂದು, ಯಾವುದೂ ಕೆಟ್ಟದ್ದೆನಿಸದೆ, ಆದರೂ ಎದುರಾಳಿಯ ಜೀವ ಹತ್ತರ ಕೆಳಗೆ ಇಳಿಯುತ್ತಿಲ್ಲವೆಂದರೆ ಹಂತ 3ರ ವಾಕ್ಯವೇ ಬಲಹೀನ. ಅದನ್ನು ಒಪ್ಪಿಕೊಂಡು ಹೊಸ ವಾಕ್ಯ ಬರೆಯುವುದು ಮೇಲು. ಇನ್ನೊಂದು ಸೂಚನೆ ಮೇಜಿನ ಆಚೆ ಕಾಣುತ್ತದೆ: ನಿಮ್ಮ ಡೆಕ್ ತನ್ನ ಪಾಡಿಗೆ ಹತ್ತು ನಿಮಿಷ ಆಡುತ್ತಿದ್ದು ಎದುರಿನವರು ಮೊಬೈಲ್ ತೆಗೆದರೆ, ಆ ಡೆಕ್ ಎಷ್ಟೇ ಗೆದ್ದರೂ ಅದರೊಂದಿಗೆ ಆಡಲು ಜನ ಸಿಗುವುದಿಲ್ಲ. ದಾವಣಗೆರೆ, ದುರ್ಗದಲ್ಲಿ ಜತೆ ಆಡುವವರು ಬೆರಳೆಣಿಕೆಯಷ್ಟೇ ಸಿಗುವುದರಿಂದ ಈ ಸೂಚನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಆಡಲು ಜನ ಸಿಗದ ದಿನಗಳಲ್ಲಿ ಮ್ಯಾಜಿಕ್ ಅರೀನಾ ಅಥವಾ ಪೊಕೆಮಾನ್ ಟಿಸಿಜಿ ಲೈವ್‌ನಲ್ಲಿ ಅಭ್ಯಾಸ ಮಾಡಬಹುದು. ಅಲ್ಲಿ ನಿಯಮವನ್ನು ಯಂತ್ರವೇ ನೋಡಿಕೊಳ್ಳುವುದರಿಂದ ತಪ್ಪು ಓದಿಕೊಂಡ ಕಾರ್ಡ್‌ಗಳು ಬೇಗ ಪತ್ತೆಯಾಗುತ್ತವೆ. ಆದರೆ ಜೀವ ಲಾಭದಂಥ ಫಲಗಳನ್ನು ತಾವೇ ನೆನಪಿಟ್ಟು ಹೇಳುವ ಅಭ್ಯಾಸ ತಪ್ಪುತ್ತದೆ, ಮೇಜಿಗೆ ಮರಳಿದಾಗ ಅದನ್ನು ಮತ್ತೆ ರೂಢಿಸಿಕೊಳ್ಳಬೇಕು.

## ಹಂತ 10: ಸೈಡ್‌ಬೋರ್ಡ್

ಮ್ಯಾಜಿಕ್ ಮತ್ತು ಯು-ಗಿ-ಓದಲ್ಲಿ ಮೂರು ಆಟದ ಪಂದ್ಯಕ್ಕೆ ಆಟಗಳ ನಡುವೆ ಡೆಕ್ಕಿಗೆ ಸೇರಿಸಲು 15ರ ವರೆಗೆ ಬದಲಿ ಕಾರ್ಡ್ ಇಟ್ಟುಕೊಳ್ಳಬಹುದು, ಪೊಕೆಮಾನ್‌ನಲ್ಲಿ ಆ ಪದ್ಧತಿಯಿಲ್ಲ. ಉಳಿದ ಕಾರ್ಡ್‌ಗಳನ್ನು ತುಂಬುವ ಚೀಲವಾಗಿ ಇದನ್ನು ಬಳಸಬೇಡಿ. ಪ್ರತಿ ಬದಲಿಗೂ ಯಾರ ಡೆಕ್ ಎದುರು ಬರುತ್ತದೆ, ಯಾವುದನ್ನು ತೆಗೆದು ಬರುತ್ತದೆ ಎಂದು ಮೊದಲೇ ಬರೆದಿರಬೇಕು. ನಮ್ಮ ಡೆಕ್ಕಿಗೆ ಆರ್ಟಿಫ್ಯಾಕ್ಟ್ ಮತ್ತು ಎನ್‌ಚಾಂಟ್‌ಮೆಂಟ್ (ಕಣದಲ್ಲಿ ಉಳಿಯುವ ಸಲಕರಣೆ ಮತ್ತು ಮಾಯೆಯ ಕಾರ್ಡ್‌ಗಳು) ಒಡೆಯುವ ಡಿಸ್‌ಎನ್‌ಚಾಂಟ್ ಮೂರು ಇದ್ದರೆ, ಅವು ಒಳಬಂದಾಗ ಹೊರಹೋಗುವುದು ಗಾರ್ಡಿಯನ್ಸ್ ಪ್ಲೆಡ್ಜ್ ಎರಡು ಮತ್ತು ಹಂತ 7ರ ಒಂದು ಕಾರ್ಡ್; ವಾರ್ಡನ್ನಾಗಲಿ ಪ್ರೈಡ್‌ಮೇಟ್ ಆಗಲಿ ಎಂದೂ ಹೊರಹೋಗಬಾರದು. ಪಂದ್ಯ ಮುಗಿದ ಮೇಲೆ ಡೆಕ್ಕನ್ನು ಮೂಲ ಪಟ್ಟಿಗೆ ಮರಳಿಸಿ ಎಣಿಸಿ.

## ಕಟ್ಟಿದ ಡೆಕ್ಕನ್ನು ಕಾಪಾಡುವುದು

ಫಾಯಿಲ್ ಕಾರ್ಡಿನ ಕಾಗದದ ಪದರ ತೇವ ಹೀರುತ್ತದೆ, ಮೇಲಿನ ಹೊಳಪಿನ ಪದರ ಹೀರುವುದಿಲ್ಲ. ಆದ್ದರಿಂದ ಹವೆ ಬದಲಾದಾಗ ಕಾರ್ಡ್ ಬಿಲ್ಲಿನಂತೆ ಬಾಗುತ್ತದೆ. ಚಿತ್ರದುರ್ಗದ ಒಣ ಗಾಳಿಯ ಬೇಸಿಗೆಯಲ್ಲಿ ಒಂದು ಕಡೆಗೆ, ಮಳೆಗಾಲದಲ್ಲಿ ಇನ್ನೊಂದು ಕಡೆಗೆ. ಡೆಕ್ಕಿನಲ್ಲಿ ಬಾಗಿದ ಕಾರ್ಡ್ ಇದ್ದರೆ ಕಲೆಸಿದ ಮೇಲೂ ಅದರ ಜಾಗ ಕಾಣುತ್ತದೆ, ಪಂದ್ಯದಲ್ಲಿ ಅದನ್ನು ಗುರುತು ಮಾಡಿದ ಕಾರ್ಡ್ ಎಂದೇ ಪರಿಗಣಿಸಬಹುದು. ಆಡುವ ಡೆಕ್ಕಿಗೆ ಸಾದಾ ಪ್ರತಿಗಳನ್ನೇ ಬಳಸಿ, ಫಾಯಿಲ್‌ಗಳನ್ನು ಬೈಂಡರಿನಲ್ಲಿಡಿ.

ಡೆಕ್ ಬಾಕ್ಸಿನೊಳಗೆ ಸಿಲಿಕಾ ಜೆಲ್‌ನ ಒಂದು ಚಿಕ್ಕ ಪೊಟ್ಟಣ ಇರಲಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅಂಚಿನಲ್ಲಿ ಬೀಳುವ ಕಚ್ಚು ಮತ್ತೆ ಹೋಗುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಡೆಕ್ ಬಿಟ್ಟರೆ ಸ್ಲೀವ್‌ಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಹರಿಯುತ್ತವೆ. ಹರಿದ ಸ್ಲೀವನ್ನು ಅಂದೇ ಬದಲಿಸಿ, ಪ್ಯಾಕಿನಲ್ಲಿ ಬದಲಿ ಮುಗಿದಿದ್ದರೆ ಅರವತ್ತನ್ನೂ ಹೊಸ ಪ್ಯಾಕಿಗೆ ಹಾಕಿ.